ಮಡಿಕೆ ಬಿಚ್ಚುವ ಮೊದಲು ಮಗುವನ್ನು ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಹಬ್ಬದ ರಜೆ ಹತ್ತಿರವಾದಂತೆ ಪತ್ರಿಕೆಗಳ ಮಕ್ಕಳ ಪುಟದಲ್ಲೂ ಶಾಲೆಯ ಕರಕುಶಲ ತರಗತಿಯಲ್ಲೂ ಕಾಗದ ಕತ್ತರಿಸಿ ಅಲಂಕಾರ ಮಾಡುವ ಚಟುವಟಿಕೆಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ನಕ್ಷತ್ರ, ಗಂಟೆ, ದೀಪ, ಚಿಟ್ಟೆ, ಹಿಮದ ಹರಳು. ಕೆಳಗೆ ಒಂದು ಸಾಲು ಇದ್ದೇ ಇರುತ್ತದೆ: 'ಈ ಮೂಲಕ ಮಕ್ಕಳು ಸಮಮಿತಿಯನ್ನು ಕಲಿಯುತ್ತಾರೆ.' (ಸಮಮಿತಿ ಎಂದರೆ ಸಿಮೆಟ್ರಿ: ಗೆರೆಯೊಂದರ ಎರಡೂ ಬದಿ ಕನ್ನಡಿಯಲ್ಲಿ ಕಂಡಂತೆ ಹೊಂದುವುದು.) ನಮ್ಮ ತಕರಾರು ಈ ಸಾಲಿನ ಮೇಲೆ. ಪತ್ರ ಉದ್ದವಾಗಿದೆ, ಕ್ಷಮಿಸಿ. ಕತ್ತರಿಯ ವಿಷಯವೇ ಆದ್ದರಿಂದ ತಾವೂ ಧಾರಾಳವಾಗಿ ಕತ್ತರಿ ಪ್ರಯೋಗ ಮಾಡಬಹುದು.

ಕಾಗದವನ್ನು ಮಡಚಿ ಕತ್ತರಿಸಿದಾಗ ಎರಡೂ ಪದರಗಳ ಮೇಲೆ ಒಂದೇ ಏಟು ಬೀಳುತ್ತದೆ. ಬಿಚ್ಚಿದರೆ ಎಡ-ಬಲ ಹೊಂದಲೇಬೇಕು, ಬೇರೆ ದಾರಿಯೇ ಇಲ್ಲ. ಮಗು ಮಾತಾಡುತ್ತಾ, ಎತ್ತಲೋ ನೋಡುತ್ತಾ ಕತ್ತರಿಸಿದರೂ ಸಮಮಿತಿ ಬಂದೇ ಬರುತ್ತದೆ. ಅಂದರೆ ಕೆಲಸವನ್ನು ಮಡಿಕೆಯೇ ಮಾಡಿ ಮುಗಿಸಿರುತ್ತದೆ. ತರಗತಿಯ ಗೋಡೆಗೆ ತೂಗುಹಾಕಿದ ಚಂದದ ನಕ್ಷತ್ರಗಳು ಕತ್ತರಿ ಹರಿತವಾಗಿತ್ತು ಎಂಬುದಕ್ಕೆ ಸಾಕ್ಷಿ ಹೇಳಬಹುದು, ಮಕ್ಕಳಿಗೆ ಸಮಮಿತಿ ತಿಳಿಯಿತು ಎಂಬುದಕ್ಕಲ್ಲ. ಇನ್ನು ಅಚ್ಚು ಹಾಕಿ ಮೊದಲೇ ಕತ್ತರಿಸಿಟ್ಟ ಆಕಾರಗಳನ್ನು ಕೊಟ್ಟು ಬಣ್ಣ ತುಂಬಿಸಿ ಮಿನುಗು ಅಂಟಿಸುವ ಪದ್ಧತಿಯಲ್ಲಿ ಮಗುವಿಗೆ ಮಡಿಕೆಯೂ ಸಿಗುವುದಿಲ್ಲ.

ಕಲಿಕೆ ನಡೆಯುವುದು ಕತ್ತರಿ ಕೆಳಗಿಟ್ಟ ಮೇಲೆ, ಮಡಿಕೆ ಬಿಚ್ಚುವುದಕ್ಕೆ ಮುಂಚಿನ ಅರ್ಧ ನಿಮಿಷದಲ್ಲಿ. 'ಬಿಚ್ಚಿದರೆ ಎಷ್ಟು ತೂತು ಇರುತ್ತೆ? ಎಲ್ಲೆಲ್ಲಿ? ಯಾವ ಆಕಾರದಲ್ಲಿ? ಮೊದಲು ಬರೆದು ತೋರಿಸು, ಆಮೇಲೆ ಬಿಚ್ಚು.' ಈ ನಾಲ್ಕು ಮಾತು ಸೇರಿದರೆ ಅದೇ ಕಾಗದ, ಅದೇ ಕತ್ತರಿ, ಅದೇ ಹಬ್ಬದ ನಕ್ಷತ್ರ ಗಣಿತದ ಪಾಠವಾಗುತ್ತದೆ. ಊಹೆ ತಪ್ಪಾದಾಗ ಮಗು ಕಾಗದವನ್ನು ಮತ್ತೆ ಮಡಚಿ, ಮತ್ತೆ ಬಿಚ್ಚಿ, ಎಲ್ಲಿ ತಪ್ಪಿದೆ ಎಂದು ತಾನೇ ಹುಡುಕುತ್ತದೆ. ಆ ಹುಡುಕಾಟಕ್ಕೆ ಸಮಯ ಕೊಡದೆ 'ವಾವ್, ಎಷ್ಟು ಚೆನ್ನಾಗಿದೆ!' ಎಂದು ಚಪ್ಪಾಳೆ ತಟ್ಟಿದರೆ ಪಾಠ ಅಲ್ಲಿಗೇ ಮುಗಿಯಿತು.

ಸಾಮಗ್ರಿಯಿಂದ ಶುರು ಮಾಡೋಣ, ಏಕೆಂದರೆ ಅರ್ಧ ತರಗತಿ ಕೆಡುವುದು ಇಲ್ಲೇ. ಚಾರ್ಟ್ ಪೇಪರ್ ಬೇಡ. ಒಂದು ಮಡಿಕೆಗೆ ಅದು ಸರಿ, ಎರಡನೆಯದಕ್ಕೆ ಮಕ್ಕಳ ಕತ್ತರಿ ಮುಷ್ಕರ ಹೂಡುತ್ತದೆ. ಝೆರಾಕ್ಸ್ ಹಾಳೆ 70 ರಿಂದ 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಲೆಕ್ಕ) ಇರುತ್ತದೆ; ಅದರ ದಪ್ಪ ಸುಮಾರು 0.1 ಮಿ.ಮೀ. ಹಿಮದ ಹರಳಿಗೆ ಬೇಕಾಗುವ ಹನ್ನೆರಡು ಪದರವಾದರೆ 1 ಮಿಲಿಮೀಟರಿಗೂ ಮಿಕ್ಕುತ್ತದೆ, ರಟ್ಟು ಕತ್ತರಿಸಿದ ಹಾಗೆಯೇ. ಕಲಿಯುವ ಹಂತಕ್ಕೆ ಹಳೆಯ ದಿನಪತ್ರಿಕೆಯಷ್ಟು ಒಳ್ಳೆಯದು ಇನ್ನೊಂದಿಲ್ಲ: ಸುಮಾರು 45 ಜಿಎಸ್‌ಎಂ, ಮಡಿಕೆ ಚೆನ್ನಾಗಿ ಕೂರುತ್ತದೆ, ಮೊಂಡು ಕತ್ತರಿಗೂ ಬಗ್ಗುತ್ತದೆ, ಹಾಳಾದರೆ ಬೇಸರವಿಲ್ಲ. ಮಸಿ ಕೈಗೆ ಹತ್ತುತ್ತದೆ, ಅಷ್ಟೇ. (ತಮ್ಮ ಪತ್ರಿಕೆಗೆ ಮರುದಿನವೂ ಉಪಯೋಗವಿದೆ ಎಂದು ಹೇಳಿದಂತಾಯಿತು.)

ನಾಲ್ಕೈದು ವರ್ಷದ ಮಕ್ಕಳಿಗೆ ಕತ್ತರಿಗಿಂತ ಮೊದಲು ಬಣ್ಣದ ಅಚ್ಚು. ಹಾಳೆಯನ್ನು ಮೊದಲು ಮಡಚಿ, ಉಗುರಿನಿಂದ ತೀಡಿ, ಮತ್ತೆ ಬಿಚ್ಚಬೇಕು. ಒಂದೇ ಬದಿಯಲ್ಲಿ ಮೂರು ನಾಲ್ಕು ಹನಿ ಪೋಸ್ಟರ್ ಕಲರ್ ಇಟ್ಟು, ಮಡಚಿ, ಮಡಿಕೆಯ ಕಡೆಯಿಂದ ಹೊರ ಅಂಚಿನ ಕಡೆಗೆ ಅಂಗೈಯಿಂದ ಒತ್ತಬೇಕು. ಹೊರಗಿನಿಂದ ಒಳಕ್ಕೆ ಒತ್ತಿದರೆ ಬಣ್ಣವೆಲ್ಲ ಮಡಿಕೆಯ ಸಾಲಿಗೆ ಬಂದು ಸೇರಿ ಒಂದೇ ಮುದ್ದೆಯಾಗುತ್ತದೆ. ಬಣ್ಣಕ್ಕೆ ನೀರು ಹೆಚ್ಚಾದರೆ ಕಾಗದ ಹೀರಿಕೊಂಡು ಎದುರು ಬದಿಗೆ ಏನೂ ದಾಟುವುದಿಲ್ಲ. ಬಣ್ಣ ಇಟ್ಟು ಹರಟೆ ಹೊಡೆದರೆ ಒಣಗಿ ಅದೇ ಗತಿ. ಮೂರಕ್ಕಿಂತ ಹೆಚ್ಚು ಬಣ್ಣ ಕೊಟ್ಟರೆ ಎಲ್ಲರ ಚಿಟ್ಟೆಯೂ ಕಂದು ಬಣ್ಣದ್ದೇ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: 'ಈ ಕೆಂಪು ಹನಿ ಆಚೆ ಬದಿಯಲ್ಲಿ ಎಲ್ಲಿ ಕೂರುತ್ತೆ? ಬೆರಳಿಟ್ಟು ತೋರಿಸು.' ಮಡಿಕೆಗೆ ಅಂಟಿಕೊಂಡ ಹನಿ ಆಚೆಯೂ ಅಂಟಿಕೊಂಡೇ ಇರುತ್ತದೆ, ದೂರದ್ದು ದೂರವೇ ಇರುತ್ತದೆ ಎಂಬುದನ್ನು ಮಗು ಬೆರಳಿಟ್ಟು ಹೇಳಿತು ಎಂದರೆ ಸಮಮಿತಿಯ ಬಹುಪಾಲು ಕೈಗೆ ಬಂದಂತೆಯೇ.

ಒಂದೇ ಮಡಿಕೆಯ ಕತ್ತರಿ ಕೆಲಸ ಆರು ವರ್ಷದ ಆಸುಪಾಸಿನಲ್ಲಿ ಹಿಡಿತಕ್ಕೆ ಬರುತ್ತದೆ. ಇಲ್ಲಿ ಆಗುವ ಅತಿ ಸಾಮಾನ್ಯ ಅವಾಂತರ ಎಲ್ಲ ಶಿಕ್ಷಕರಿಗೂ ಗೊತ್ತು: ಮಗು ಅರ್ಧ ಚಿಟ್ಟೆಯನ್ನು ಮಡಿಕೆಯ ಬದಲು ತೆರೆದ ಅಂಚಿನ ಮೇಲೆ ಬರೆಯುತ್ತದೆ, ಕತ್ತರಿಸುತ್ತದೆ, ಕೈಗೆ ಎರಡು ಅರ್ಧ ಚಿಟ್ಟೆಗಳು ಬರುತ್ತವೆ. ಅಳು ಶುರು. ಕಾರಣ ಮಗುವಿನ ಅಜಾಗರೂಕತೆಯಲ್ಲ. ಮಡಚಿದ ಹಾಳೆಯಲ್ಲಿ ನಾಲ್ಕು ಅಂಚುಗಳೂ ನೋಡಲು ಒಂದೇ ರೀತಿ. ಆದ್ದರಿಂದ ಮಡಿಕೆಯ ಅಂಚಿಗೆ ಕೆಂಪು ಕ್ರೇಯಾನಿನಿಂದ ದಪ್ಪ ಗೆರೆ ಎಳೆಸಿ, ಎರಡೂ ಮುಖಗಳಲ್ಲಿ. ನಿಯಮ ಇಷ್ಟು: ಚಿತ್ರ ಕೆಂಪು ಗೆರೆಯಿಂದ ಹೊರಟು ಕೆಂಪು ಗೆರೆಗೇ ಮರಳಬೇಕು, ನಡುವೆ ಕೆಂಪನ್ನು ಮುಟ್ಟಬಾರದು. ಎರಡು ತುಂಡಾದ ಚಿಟ್ಟೆಗಳನ್ನು ಮಾತ್ರ ಕಸದ ಬುಟ್ಟಿಗೆ ಹಾಕಬೇಡಿ. ಪಕ್ಕಪಕ್ಕ ಇಟ್ಟು 'ಇವೆರಡು ಏಕೆ ಅಂಟಿಕೊಳ್ಳಲಿಲ್ಲ?' ಎಂದು ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಬೋಧನೋಪಕರಣ ಸಿಗಲಾರದು.

ಮಡಿಕೆ ಯಾವ ಕೈ ಕಡೆ ಇರಬೇಕು ಎಂಬುದನ್ನು ಬಹುತೇಕ ಸೂಚನೆಗಳು ಹೇಳುವುದೇ ಇಲ್ಲ. ಬಲಗೈಯಲ್ಲಿ ಕತ್ತರಿ ಹಿಡಿಯುವ ಮಗುವಿಗೆ ಮಡಿಕೆ ಎಡಗಡೆ ಬರಬೇಕು. ಎಡಗೈ ಮಡಿಕೆಯನ್ನು ಹಿಡಿದಿರುತ್ತದೆ, ಕತ್ತರಿ ಕೆಳಗಿನಿಂದ ಹೊರಟು ಬಲಗಡೆಯಿಂದ ಬಳಸಿ ಮೇಲಕ್ಕೆ ಹೋಗುತ್ತದೆ, ಕತ್ತರಿಸಿದ ಚೂರು ಬಲಕ್ಕೆ ಬೀಳುತ್ತದೆ. ಎಡಚ ಮಗುವಿಗೆ ಇದರ ತದ್ವಿರುದ್ಧ: ಮಡಿಕೆ ಬಲಗಡೆ. ಅಚ್ಚಾದ ಅರ್ಧಚಿತ್ರವಿದ್ದರೆ ಹಾಳೆಯನ್ನು ತಲೆಕೆಳಗು ಮಾಡಿಕೊಂಡರೆ ಸಾಕು, ಮಡಿಕೆ ತಾನಾಗಿ ಬಲಕ್ಕೆ ಬರುತ್ತದೆ. ಎಡಗೈಗೆ ಸಾಮಾನ್ಯ ಕತ್ತರಿ ಕೊಟ್ಟಾಗ ಇನ್ನೊಂದು ತೊಂದರೆ ಇದೆ. ಮೇಲಿನ ಅಲಗು ಗೆರೆಯನ್ನೇ ಮರೆಮಾಡುತ್ತದೆ. ಬೆರಳ ಒತ್ತಡ ಅಲಗುಗಳನ್ನು ಕೂಡಿಸುವ ಬದಲು ದೂರ ತಳ್ಳುತ್ತದೆ. ಕಾಗದ ಕತ್ತರಿಸದೆ ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ. ಮಗುವಿಗೆ 'ಸರಿಯಾಗಿ ಹಿಡಿ' ಎಂದು ಗದರುವುದರಿಂದ ಇದು ಸರಿಯಾಗುವುದಿಲ್ಲ, ಅಲಗು ಬದಲಾದ ಎಡಗೈ ಕತ್ತರಿಯೇ ಬೇಕು. ಎಲ್ಲ ಮಕ್ಕಳಿಗೂ ಹೇಳಿಕೊಡಬೇಕಾದ್ದು: ಕತ್ತರಿ ಇದ್ದಲ್ಲೇ ಇರಲಿ, ತಿರುಗಬೇಕಾದ್ದು ಕಾಗದ.

ಇನ್ನು ಊಹೆಗೆ ಬರೋಣ. ಒಂದು ಮಡಿಕೆಯ ಕಾಗದದಲ್ಲಿ ಮಡಿಕೆಯ ಮೇಲೆ ತ್ರಿಕೋನದ ಕಚ್ಚು ಹಾಕಿದರೆ ಬಿಚ್ಚಿದಾಗ ಏನಾಗುತ್ತದೆ? 'ತ್ರಿಕೋನ' ಎಂಬ ಉತ್ತರ ಬರುವುದೇ ಹೆಚ್ಚು. ಬರುವುದು ವಜ್ರಾಕೃತಿ. ಅರ್ಧವೃತ್ತ ಕತ್ತರಿಸಿದರೆ ಪೂರ್ಣ ವೃತ್ತ. ತೆರೆದ ಅಂಚಿನಲ್ಲಿ ಅದೇ ತ್ರಿಕೋನ ಹಾಕಿದರೆ ವಜ್ರ ಇಲ್ಲ, ಎಡಕ್ಕೊಂದು ಬಲಕ್ಕೊಂದು ಕಚ್ಚು. ಈಗ ಹಾಳೆಯನ್ನು ನಾಲ್ಕು ಪದರವಾಗಿ ಮಡಚಿ ಪಂಚಿಂಗ್ ಮಷೀನಿನಿಂದ ನಡುವೆ ಒಂದು ತೂತು ಹಾಕಿ: ಬಿಚ್ಚಿದರೆ ನಾಲ್ಕು. ಯಾವುದಾದರೊಂದು ಮಡಿಕೆಯ ಮೇಲೆ ಕಚ್ಚು ಹಾಕಿದರೆ ಎರಡು ತೂತು. ಮಡಿಕೆಗಳೆರಡೂ ಕೂಡುವ ಮೂಲೆಯನ್ನು ಕತ್ತರಿಸಿದರೆ ಒಂದೇ ತೂತು, ಹಾಳೆಯ ನಟ್ಟನಡುವೆ. ಎಂಟು ವರ್ಷದ ಮಕ್ಕಳು ಇದನ್ನು ಎರಡು ಮೂರು ಸಲ ಮಾಡಿದ ಮೇಲೆ ಉಲ್ಟಾ ಪ್ರಶ್ನೆ ಕೇಳಿ: 'ಬಿಚ್ಚಿದಾಗ ಆರು ತೂತು ಬೇಕು. ಕತ್ತರಿ ಎಲ್ಲೆಲ್ಲಿ ಹಾಕ್ತೀಯ?' ನಡುವೆ ಒಂದು, ಮಡಿಕೆಯ ಮೇಲೆ ಒಂದು ಎಂದು ಕೆಲವರು ಹೇಳುತ್ತಾರೆ, ಬೇರೆ ಬೇರೆ ಮೂರು ಕಡೆ ಮಡಿಕೆ ಕಚ್ಚುತ್ತೇನೆ ಎಂದು ಕೆಲವರು. ಎರಡೂ ಸರಿ. ಇಂಥ ವಾದ ನಡೆಯುವ ತರಗತಿಯಲ್ಲಿ ನಕ್ಷತ್ರ ಸ್ವಲ್ಪ ವಕ್ರವಾದರೂ ಚಿಂತೆಯಿಲ್ಲ.

ತೂತಿನ ಮಾತು ಬಂದಾಗ ಒಂದು ಸಣ್ಣ ವಿಷಯ. ಅಲಂಕಾರಕ್ಕೆ ದಾರ ಕಟ್ಟಲು ತೂತು ಬೇಕಲ್ಲ? ಮಡಚಿದ ಸ್ಥಿತಿಯಲ್ಲಿ ಮಡಿಕೆಯಿಂದ ದೂರ ಪಂಚ್ ಮಾಡಿದರೆ ಎರಡು ತೂತಾಗುತ್ತದೆ. ಒಂದೇ ತೂತು, ಅದೂ ಸರಿಯಾಗಿ ನಡುಗೆರೆಯ ಮೇಲೆ ಬೇಕಾದರೆ ಪಂಚಿನ ಅರ್ಧ ಭಾಗ ಮಾತ್ರ ಮಡಿಕೆಯನ್ನು ಕಚ್ಚುವಂತೆ ಇಡಬೇಕು. ಅರ್ಧವೃತ್ತ ಬಿಚ್ಚಿಕೊಂಡು ದುಂಡು ತೂತಾಗುತ್ತದೆ. ಹಾಗೆ ತೂಗುಹಾಕಿದ ಗಂಟೆ ನೆಟ್ಟಗೆ ನಿಲ್ಲುತ್ತದೆ. ತೂತು ಗೆರೆಯಿಂದ ಒಂದು ಸೆಂಟಿಮೀಟರ್ ಸರಿದರೂ ಗಂಟೆ ಓರೆಯಾಗುತ್ತದೆ. ಸಮಮಿತಿಯ ಆಕಾರದ ಗುರುತ್ವಕೇಂದ್ರ ಆ ಗೆರೆಯ ಮೇಲೇ ಇರುವುದು ಇದಕ್ಕೆ ಕಾರಣ. ಮಗುವಿಗೆ ಗುರುತ್ವಕೇಂದ್ರ ಎಂಬ ಮಾತು ಬೇಕಿಲ್ಲ, 'ಎರಡೂ ಕಡೆ ತೂಕ ಒಂದೇ' ಎಂದರೆ ಸಾಕು. ಆದರೆ ಒಂದು ಎಚ್ಚರಿಕೆ: ನೆಟ್ಟಗೆ ತೂಗಿದ್ದೆಲ್ಲ ಸಮಮಿತಿಯಲ್ಲ. ವಕ್ರ ಆಕಾರವೂ ಸರಿಯಾದ ಜಾಗದಲ್ಲಿ ಕಟ್ಟಿದರೆ ಅಲ್ಲಾಡದೆ ನಿಲ್ಲುತ್ತದೆ. ತೂಗಿ ನೋಡುವುದು ಮೋಜಿಗೆ. ಪರೀಕ್ಷೆಗೆ ಮಡಚಿ ಬೆಳಕಿಗೆ ಹಿಡಿಯಬೇಕು. ಅಂಚಿಗೆ ಅಂಚು ಕೂತಿದೆಯೋ ಇಲ್ಲವೋ ಕಿಟಕಿಯ ಬೆಳಕಿನಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ.

'ಎರಡು ಸಮಭಾಗ ಆದರೆ ಸಮಮಿತಿ' ಎಂಬ ವಾಕ್ಯವನ್ನು ಪಾಠದಲ್ಲಿ ಎಷ್ಟೋ ಕಡೆ ಹೇಳಿಕೊಡುತ್ತಾರೆ. ಇದು ಅರ್ಧಸತ್ಯ, ಮುಂದೆ ವರ್ಷಗಟ್ಟಲೆ ಕಾಡುವ ಅರ್ಧಸತ್ಯ. ಎ4 ಹಾಳೆಯೊಂದನ್ನು ಕೊಟ್ಟು ಮೂಲೆಯಿಂದ ಎದುರು ಮೂಲೆಗೆ ಹೋಗುವ ಕರ್ಣದ ಗುಂಟ ಮಡಚಲು ಹೇಳಿ. ಮಡಚುವ ಮೊದಲೇ 'ಅಂಚುಗಳು ಹೊಂದುತ್ತವೆಯೇ?' ಎಂದು ಕೇಳಿ. ಹೊಂದುತ್ತವೆ ಎಂದೇ ಬಹಳಷ್ಟು ಮಕ್ಕಳು, ಎಷ್ಟೋ ದೊಡ್ಡವರೂ, ಹೇಳುತ್ತಾರೆ. ಮಡಚಿದರೆ ಎರಡು ಮೂಲೆಗಳು ಎರಡು ಕಡೆ ಚಾಚಿಕೊಳ್ಳುತ್ತವೆ. ಈಗ ಆ ಕರ್ಣದ ಗುಂಟ ಕತ್ತರಿಸಿ ಎರಡು ತ್ರಿಕೋನಗಳನ್ನು ಒಂದರ ಮೇಲೊಂದು ಇಡಿ: ಅಳತೆ ಒಂದೇ! ಭಾಗಗಳು ಸಮ, ಆದರೂ ಕರ್ಣ ಸಮಮಿತಿ ರೇಖೆಯಲ್ಲ. ಒಂದು ತ್ರಿಕೋನ ಇನ್ನೊಂದರ ಮೇಲೆ ಕೂರಬೇಕಾದರೆ ಅದನ್ನು ತಿರುಗಿಸಬೇಕಾಯಿತು, ಪುಟ ಮಗುಚಿದಂತೆ ಮಗುಚಿದರೆ ಕೂರಲಿಲ್ಲ. ಮಗುಚುವುದು ಬೇರೆ, ತಿರುಗಿಸುವುದು ಬೇರೆ ಎಂಬುದು ಈ ಒಂದು ಹಾಳೆಯಲ್ಲಿ ಸಿಗುತ್ತದೆ. ಆಯತಕ್ಕೆ ಎರಡೇ ರೇಖೆ, ಚೌಕಕ್ಕೆ ನಾಲ್ಕು ಎಂಬುದನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇದಕ್ಕೆ ಐದು ನಿಮಿಷ ಕೊಡುವುದು ಲೇಸು.

ಎ4 ಹಾಳೆಯಿಂದ ಚೌಕ ತೆಗೆಯುವುದು ಎಲ್ಲರಿಗೂ ಗೊತ್ತು: ಮೂಲೆಯನ್ನು ಎದುರಂಚಿಗೆ ಮಡಚಿ ಉಳಿದ ಪಟ್ಟಿ ಕತ್ತರಿಸಿದರೆ 210 ಮಿ.ಮೀ. ಚೌಕ. ಉಳಿಯುವ ಪಟ್ಟಿ 87 ಮಿ.ಮೀ. ಅಗಲ, 210 ಉದ್ದ. ಅದನ್ನು ಎಸೆಯದೆ ಉದ್ದಕ್ಕೆ ಬೀಸಣಿಗೆಯಂತೆ ಹಿಂದೆ-ಮುಂದೆ 35 ಮಿ.ಮೀ. ಅಗಲದ ಆರು ಪಟ್ಟಿಯಾಗಿ ಮಡಚಿ ತೋರಣ ಕತ್ತರಿಸಬಹುದು. ಗೊಂಬೆಯ ಎರಡೂ ಕೈಗಳು ಎರಡೂ ಬದಿಯ ಮಡಿಕೆಯನ್ನು ಮುಟ್ಟಬೇಕು, ಮಡಿಕೆಯ ಮೇಲೆ ಕೈಯನ್ನು ಕತ್ತರಿಸಬಾರದು. ಹಾಗೆ ಮಾಡದಿದ್ದರೆ ತೋರಣದ ಬದಲು ಆರು ಬಿಡಿ ಗೊಂಬೆಗಳು. ಗೊಂಬೆಯ ಕೈಯಲ್ಲಿ ಒಂದು ಬಾವುಟ ಕೊಟ್ಟು ನೋಡಿ: ಒಬ್ಬನದು ಬಲಗೈಯಲ್ಲಿ, ಪಕ್ಕದವನದು ಎಡಗೈಯಲ್ಲಿ, ಹೀಗೆ ಸರದಿಯಂತೆ ಬರುತ್ತದೆ.

ಎಂಟು ಪದರದ ಹೂವು-ನಕ್ಷತ್ರಕ್ಕೆ ಚೌಕವನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಆಮೇಲೆ ಕರ್ಣದ ಗುಂಟ ಮಡಚಬೇಕು. ಮೂರನೆಯ ಮಡಿಕೆಯಲ್ಲಿ ಹಲವರು ಎಡವುತ್ತಾರೆ. ಕರ್ಣ ಹಾಳೆಯ ನಡುಬಿಂದುವಿನಿಂದಲೇ ಹೊರಡಬೇಕು. ಇನ್ನೊಂದು ಕರ್ಣ ಹಿಡಿದರೆ ನಡುಬಿಂದುವೂ ಹಾಳೆಯ ನಾಲ್ಕು ಹೊರ ಮೂಲೆಗಳೂ ಒಂದೇ ಕಡೆ ಬಂದು ಕೂರುತ್ತವೆ, ನಡುವೆ ತೂತು ಬೇಕೆಂದು ಕತ್ತರಿಸಿದರೆ ನಾಲ್ಕು ಮೂಲೆಗಳೂ ಜೊತೆಗೆ ಹಾರಿಹೋಗುತ್ತವೆ. ಎರಡನೆಯ ಮಡಿಕೆ ಆದ ಕೂಡಲೇ ಹಾಳೆ ಬಿಚ್ಚಿಸಿ, ಗೆರೆಗಳು ದಾಟುವಲ್ಲಿ ಎರಡೂ ಮುಖಕ್ಕೆ ಚುಕ್ಕೆ ಇಡಿಸಿ, ಮತ್ತೆ ಮಡಚಿಸಿದರೆ ಈ ತಾಪತ್ರಯ ಇಲ್ಲ. ಚುಕ್ಕೆ ಇರುವ ಚೂಪು ತುದಿಯೇ ನಡು. ಇನ್ನೊಂದು: ಮಡಿಕೆಯ ಅಂಚನ್ನು ಪೂರ್ತಿ ಕತ್ತರಿಸಿಬಿಟ್ಟರೆ ಎಲ್ಲ ಚೂರುಚೂರು. ಪ್ರತಿ ಮಡಿಕೆಯಲ್ಲೂ ಕನಿಷ್ಠ ಮೂರನೇ ಒಂದು ಭಾಗ ಉಳಿಯಲಿ.

ಇಲ್ಲಿ ಮಕ್ಕಳೇ ಕಂಡುಕೊಳ್ಳಬಹುದಾದ ಒಂದು ಲೆಕ್ಕ ಅಡಗಿದೆ. ಎರಡು ಪದರಕ್ಕೆ ಒಂದು ಸಮಮಿತಿ ರೇಖೆ, ನಾಲ್ಕಕ್ಕೆ ಎರಡು, ಎಂಟಕ್ಕೆ ನಾಲ್ಕು, ಹನ್ನೆರಡಕ್ಕೆ ಆರು. ನಡುಬಿಂದುವಿನ ಸುತ್ತ ಸಮನಾಗಿ ಮಡಚಿದಾಗ ಪದರಗಳ ಅರ್ಧದಷ್ಟು ರೇಖೆಗಳು ಖಾತ್ರಿ. ಕತ್ತರಿಸಿದ ಆಕಾರ ಮಡಚಿದ ಆ ಬೆಣೆಯಾಕಾರದ ತುಂಡಿನೊಳಗೇ ಎಡ-ಬಲ ಹೊಂದಿದ್ದರೆ ರೇಖೆಗಳು ಇನ್ನೂ ಹೆಚ್ಚಾಗಬಹುದು; ಚುರುಕಾದ ಮಗುವೊಂದು ಇದನ್ನು ಗಮನಿಸಿದರೆ ಸಂಭ್ರಮಿಸಿ, ಗಮನಿಸದಿದ್ದರೆ ಬಿಡಿ. ಸಾಮಾನ್ಯವಾಗಿ ಮಕ್ಕಳು ಎಂಟು ಪದರ ಎಂದರೆ ಎಂಟು ರೇಖೆ ಎನ್ನುತ್ತಾರೆ. ಬಿಚ್ಚಿದ ಹಾಳೆಯಲ್ಲಿ ನಡುವಿನಿಂದ ಹೊರಡುವ ಎಂಟು ಗೀಟುಗಳು ಕಾಣುವುದೂ ನಿಜ. ಸ್ಕೇಲು ಇಟ್ಟು ತೋರಿಸಿ: ಎದುರುಬದುರಿನ ಎರಡು ಗೀಟು ಸೇರಿ ಒಂದು ರೇಖೆ.

ಹಿಮದ ಹರಳಿನ ವಿಷಯಕ್ಕೆ ಸ್ವಲ್ಪ ಹಟವಿದೆ ನಮಗೆ. ಅಚ್ಚಾದ ಅಲಂಕಾರಗಳಲ್ಲಿ ಎಂಟು ಕೈಗಳ ಹಿಮದ ಹರಳು ಧಾರಾಳವಾಗಿ ಸಿಗುತ್ತದೆ, ಏಕೆಂದರೆ ಎಂಟು ಮಡಚುವುದು ಸುಲಭ. ನಿಜವಾದ ಹರಳಿಗೆ ಸಾಮಾನ್ಯವಾಗಿ ಆರೇ ಕೈ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಷಟ್ಕೋನದ ಜೋಡಣೆಯಲ್ಲಿ ಕೂರುವುದರಿಂದ ಹೀಗೆ. ಏಕೆ ಐದಲ್ಲ, ಏಳಲ್ಲ, ಆರೇ ಎಂಬ ಪ್ರಶ್ನೆಯನ್ನು ಖಗೋಳ ವಿಜ್ಞಾನಿ ಯೋಹಾನೆಸ್ ಕೆಪ್ಲರ್ 1611ರಲ್ಲೇ ಎತ್ತಿದ್ದ. ಆರು ಮಾಡುವ ಕ್ರಮ: ಚೌಕವನ್ನು ಅರ್ಧಕ್ಕೆ ಮಡಚಿ, ಮಡಿಕೆಯ ನಡುವನ್ನು ಚಿವುಟಿ ಗುರುತು ಮಾಡಿ. ಆ ಬಿಂದುವಿನಿಂದ ಬಲಗಡೆಯನ್ನು ಮೇಲಕ್ಕೆ, ಎಡಗಡೆಯನ್ನು ಅದರ ಮೇಲಕ್ಕೆ ಮಡಚಿ, 180 ಡಿಗ್ರಿಯನ್ನು ಮೂರು 60 ಡಿಗ್ರಿಗಳಾಗಿ ಹಂಚಬೇಕು. ಮತ್ತೊಮ್ಮೆ ಅರ್ಧಕ್ಕೆ ಮಡಚಿದರೆ 30 ಡಿಗ್ರಿಯ ಹನ್ನೆರಡು ಪದರದ ಬೆಣೆ. ಮೇಲೆ ಚಾಚಿಕೊಂಡ ಮೂಲೆಗಳನ್ನು ಕತ್ತರಿಸಿ ಸಮ ಮಾಡಿಕೊಂಡು ಶುರು ಮಾಡಬಹುದು.

ಕೆಡುವುದು ಆ ಮೂರು ಪಾಲಿನಲ್ಲಿ. ಅರ್ಧ ಮಾಡುವುದು ಕಣ್ಣಳತೆಗೆ ಸಿಗುತ್ತದೆ, ಮೂರು ಪಾಲು ಸಿಗುವುದಿಲ್ಲ. ಪಾಲು ಅಸಮವಾದರೆ ಒಂದು ಬದಿಯಲ್ಲಿ ಕತ್ತರಿಗೆ ಎಲ್ಲ ಪದರಗಳೂ ಸಿಗದೆ ಒಂದು ಕೈ ಕುಂಟುತ್ತದೆ. ಗಟ್ಟಿಯಾಗಿ ತೀಡುವ ಮೊದಲು ಸಡಿಲ ಮಡಿಕೆಯಲ್ಲೇ ಅಂಚುಗಳನ್ನು ಸರಿಸಿ ಹೊಂದಿಸಿಕೊಳ್ಳಬೇಕು. ಇನ್ನೂ ಸುಲಭವಾದ ದಾರಿ, ಮೂರೂ ಬಾಹು ಸಮವಾದ ರಟ್ಟಿನ ತ್ರಿಕೋನವೊಂದನ್ನು ದೊಡ್ಡವರು ಮೊದಲೇ ಕತ್ತರಿಸಿಡುವುದು. ಅದರ ಮೂಲೆ 60 ಡಿಗ್ರಿಯೇ. ಚಿವುಟಿದ ಗುರುತಿಗೆ ಮೂಲೆ ಇಟ್ಟು ಗೆರೆ ಎಳೆದು ಮಡಚಿದರೆ ತಪ್ಪುವುದಿಲ್ಲ. ಒಂಬತ್ತು ವರ್ಷಕ್ಕಿಂತ ಚಿಕ್ಕವರಿಗೆ ಈ ಹರಳಿನ ಕೆಲಸವನ್ನು ಕೊಡದಿರುವುದೇ ಒಳ್ಳೆಯದು. ಹನ್ನೆರಡು ಪದರ ಕತ್ತರಿಸುವಾಗ ಒಳಪದರಗಳು ಜಾರುತ್ತವೆ. ಕತ್ತರಿಯ ತುದಿಯಿಂದಲ್ಲ, ತಿರುಗಣೆಗೆ ಹತ್ತಿರವಾದ ಭಾಗದಿಂದ ಕತ್ತರಿಸಬೇಕು, ಬೆಣೆಯನ್ನು ಬಟ್ಟೆಯ ಕ್ಲಿಪ್‌ನಿಂದ ಕಚ್ಚಿಸಿಟ್ಟರೆ ಜಾರಾಟ ಕಡಿಮೆ.

ಐದು ಮೂಲೆಯ ನಕ್ಷತ್ರಕ್ಕೆ ಅದೇ ತಂತ್ರ, 36 ಡಿಗ್ರಿಯ ಐದು ಪಾಲು, ಹತ್ತು ಪದರ, ಓರೆಯಾಗಿ ಒಂದೇ ಕತ್ತರಿ. ಓರೆ ಹೆಚ್ಚಿದಷ್ಟೂ ಮೂಲೆ ಚೂಪು. ಓರೆಯಿಲ್ಲದೆ ಒಂದು ಅಂಚಿಗೆ ಲಂಬವಾಗಿ ಕತ್ತರಿಸಿದರೆ ನಕ್ಷತ್ರದ ಬದಲು ಪಂಚಕೋನ ಬರುತ್ತದೆ, ಅದಕ್ಕೂ ಐದೇ ರೇಖೆ. ನೇರ ಗೆರೆಗಳ ಯಾವ ಆಕಾರವನ್ನಾದರೂ ಸರಿಯಾಗಿ ಮಡಚಿದರೆ ಒಂದೇ ನೇರ ಕತ್ತರಿಯಿಂದ ತೆಗೆಯಬಹುದು ಎಂದು ಸಂಶೋಧಕರಾದ ಎರಿಕ್ ಡಿಮೈನ್, ಮಾರ್ಟಿನ್ ಡಿಮೈನ್ ಮತ್ತು ಅನ್ನಾ ಲುಬಿವ್ 1990ರ ದಶಕದ ಕೊನೆಯಲ್ಲಿ ಸಾಧಿಸಿ ತೋರಿಸಿದರು. ಮಕ್ಕಳ ಆಟ ಎಂದು ಮೂಗು ಮುರಿಯುವ ದೊಡ್ಡವರ ಗಮನಕ್ಕೆ ಇದನ್ನು ಹೇಳಿದ್ದು.

ಹಬ್ಬದ ಅಲಂಕಾರವೆಲ್ಲ ಎಡ-ಬಲ ಹೊಂದಿರಬೇಕು ಎಂಬ ಭಾವನೆ ಮಕ್ಕಳಲ್ಲಿ ಬೇರೂರಬಾರದು. ಅದಕ್ಕೊಂದು ಗಿರಗಿಟ್ಲೆ ಮಾಡಿಸಿ. 15 ಸೆಂ.ಮೀ. ಚೌಕ, ನಾಲ್ಕು ಮೂಲೆಗಳಿಂದ ನಡುವಿನ ಕಡೆಗೆ 8 ಸೆಂ.ಮೀ. ಕತ್ತರಿಸಿದರೆ ನಡುಬಿಂದುವಿಗೆ ಇನ್ನೂ ಎರಡೂವರೆ ಸೆಂಟಿಮೀಟರಿನಷ್ಟು ಉಳಿಯುತ್ತದೆ. ಎಂಟು ಚೂಪು ತುದಿಗಳಲ್ಲಿ ಒಂದು ಬಿಟ್ಟು ಒಂದನ್ನು ನಡುವಿಗೆ ಬಾಗಿಸಿ ಗುಂಡುಸೂಜಿ ಚುಚ್ಚಬೇಕು. ಕಡ್ಡಿಗೂ ಕಾಗದಕ್ಕೂ ನಡುವೆ ಒಂದು ಮಣಿ ಇಲ್ಲದಿದ್ದರೆ ತಿಕ್ಕಾಟಕ್ಕೆ ತಿರುಗುವುದಿಲ್ಲ. ಮಗು ಒಂದು ತುದಿಯನ್ನು ಈ ಕಡೆಯಿಂದ, ಇನ್ನೊಂದನ್ನು ಆ ಕಡೆಯಿಂದ ಬಾಗಿಸಿದರೆ ಒಂದು ರೆಕ್ಕೆ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಳ್ಳಿ ಗಿರಗಿಟ್ಲೆ ಪೆಚ್ಚಾಗಿ ನಿಲ್ಲುತ್ತದೆ. ಸರಿಯಾಗಿ ಮಾಡಿದ್ದು ಕಾಲು ಸುತ್ತು ತಿರುಗಿಸಿದರೂ ಮೊದಲಿನಂತೆಯೇ ಕಾಣುತ್ತದೆ. ಕನ್ನಡಿ ಎಲ್ಲಿಟ್ಟರೂ ಅರ್ಧಕ್ಕೆ ಅರ್ಧ ಹೊಂದುವುದಿಲ್ಲ. ಎ4 ಹಾಳೆಯ ಎರಡು ತ್ರಿಕೋನಗಳ ಕಥೆ ಇಲ್ಲಿ ಮತ್ತೆ ಎದುರಾಗುತ್ತದೆ. ಕನ್ನಡಿ ಗಾಜಿನದು ಬೇಡ, ಅಕ್ರಿಲಿಕ್ ತುಂಡು ಸಾಕು. ಕಾಗದಕ್ಕೆ ಲಂಬವಾಗಿ ನಿಲ್ಲಿಸಬೇಕು, ವಾಲಿದರೆ ಬಿಂಬವೂ ವಾಲಿದಂತೆ ಕಂಡು ಮಗು ಗೊಂದಲಕ್ಕೆ ಬೀಳುತ್ತದೆ.

ಹೆಸರಿನ ಅಲಂಕಾರವೂ ಮಕ್ಕಳಿಗೆ ಬಲು ಇಷ್ಟ. ಮಡಿಕೆಯ ಮೇಲೆ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು, ಹೊರಗಿನ ಗೆರೆಯ ಗುಂಟ ಕತ್ತರಿಸಿ, ಬಿಚ್ಚಿ ನೆಟ್ಟಗೆ ಹಿಡಿದರೆ ವಿಚಿತ್ರ ಪ್ರಾಣಿಯೊಂದು ಸಿಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಹೇಳಿದ ಸೂಚನೆಯನ್ನೇ ಕನ್ನಡಕ್ಕೆ ಅನ್ವಯಿಸಿದರೆ ಮಾತ್ರ ಕೆಡುತ್ತದೆ. ನಮ್ಮ ಒತ್ತಕ್ಷರ ಕೆಳಗಿಳಿಯುತ್ತದೆ, ಮಡಿಕೆ ಇರುವುದೂ ಅಲ್ಲೇ. ಲಕ್ಷ್ಮಿ, ಕೃಷ್ಣ ಎಂಬ ಹೆಸರಿದ್ದರೆ ಒತ್ತು ಮಡಿಕೆಯಿಂದ ಕೆಳಗೆ ಜಾರಿ ಜಾಗವೇ ಇರುವುದಿಲ್ಲ. ಒತ್ತಕ್ಷರವನ್ನು ಮಡಿಕೆಯ ಮೇಲೆ ಕೂರಿಸಿ, ಮೂಲ ಅಕ್ಷರವನ್ನು ಅದಕ್ಕೆ ತಾಗಿಸಿ ಮೇಲಕ್ಕೆ ಎತ್ತಿ ಬರೆಸಿ. ಪ್ರತಿ ಅಕ್ಷರವೂ ಮಡಿಕೆಯನ್ನೋ ಪಕ್ಕದ ಅಕ್ಷರವನ್ನೋ ಬೆರಳಗಲ ಮುಟ್ಟಿರಬೇಕು. ಒಳಗಿನ ಸೊನ್ನೆಗಳನ್ನು ಕತ್ತರಿಸುವ ಗೋಜು ಬೇಡ, ಬಣ್ಣ ತುಂಬಿಸಿದರೆ ಸಾಕು. ತಲೆಕಟ್ಟು ಬಾಗಿರುವ ನಮ್ಮ ಅಕ್ಷರಗಳಲ್ಲಿ ತಮ್ಮಷ್ಟಕ್ಕೆ ತಾವೇ ಎಡ-ಬಲ ಹೊಂದುವಂಥವು ವಿರಳ, ಆದ್ದರಿಂದಲೇ ಬಿಚ್ಚಿದಾಗಿನ ಬೆರಗು ಹೆಚ್ಚು.

ಕೊನೆಗೆ ಪರೀಕ್ಷೆ. ಮಡಿಕೆಯ ನೆರವಿಲ್ಲದೆ ಮಗು ಅರ್ಧ ಚಿತ್ರವನ್ನು ಪೂರ್ತಿ ಮಾಡಬಲ್ಲದೇ ಎಂದು ನೋಡಬೇಕು. ಗಣಿತದ ಚೌಕುಳಿ ಪುಸ್ತಕದಲ್ಲಿ ನಡುವೆ ಕೆಂಪು ಗೆರೆ, ಎಡಕ್ಕೆ ಅರ್ಧ ದೀಪ. ಮಡಚದೆ ಬಲಭಾಗ ಬರೆಯಬೇಕು. ಇಲ್ಲಿ ಹೊರಬೀಳುವ ತಪ್ಪು ಬಹಳ ಹೇಳುತ್ತದೆ: ಎಷ್ಟೋ ಮಕ್ಕಳು ಎಡಭಾಗವನ್ನು ಹಾಗೇ ನಕಲು ಮಾಡಿ ಬಲಕ್ಕೆ ಸರಿಸುತ್ತಾರೆ, ದೀಪದ ಹಿಡಿ ಎಡಕ್ಕೆ ಚಾಚಿದ್ದರೆ ಬಲಭಾಗದಲ್ಲೂ ಎಡಕ್ಕೇ ಚಾಚುತ್ತದೆ. ಅಂಥವರಿಗೆ ಚಿತ್ರ ತಿದ್ದಿಕೊಡುವುದು ವ್ಯರ್ಥ. 'ಈ ಮೂಲೆ ಕೆಂಪು ಗೆರೆಯಿಂದ ಎಷ್ಟು ಮನೆ ದೂರ?' ಎಂದು ಎಣಿಸಿ ಚುಕ್ಕೆ ಇಡಿಸಿ, ಎಲ್ಲ ಚುಕ್ಕೆ ಆದ ಮೇಲೆ ಗೆರೆ ಕೂಡಿಸಲಿ. ನಿಂತ ಗೆರೆ ಎಲ್ಲಕ್ಕಿಂತ ಸುಲಭ, ಮಲಗಿದ್ದು ಕಷ್ಟ, ಓರೆಯದು ಇನ್ನೂ ಕಷ್ಟ; ಈ ಕ್ರಮ ತಪ್ಪಿಸಬೇಡಿ. ಬಣ್ಣದ ವಿಷಯದಲ್ಲೂ ಮೊದಲೇ ಮಾತಾಡಿಕೊಳ್ಳಬೇಕು. ಒಂದು ರೆಕ್ಕೆ ಹಸಿರು, ಇನ್ನೊಂದು ಹಳದಿಯಾದರೆ ಆಕಾರ ಹೊಂದಿತು, ಬಣ್ಣ ಹೊಂದಲಿಲ್ಲ. ಅದು ತಪ್ಪಲ್ಲ, ಆದರೆ ಮಗು ಅದನ್ನು ಗೊತ್ತಿದ್ದು ಮಾಡಿತೇ ಎಂಬುದು ಮುಖ್ಯ.

ಇಷ್ಟೆಲ್ಲ ಬರೆದದ್ದು ತಮ್ಮಲ್ಲಿ ಒಂದು ಕೋರಿಕೆ ಇಡುವುದಕ್ಕಾಗಿ. ಮುಂದಿನ ಹಬ್ಬದ ಸಂಚಿಕೆಯ ಮಕ್ಕಳ ಪುಟದಲ್ಲಿ ಪೂರ್ತಿ ಚಿತ್ರ ಅಚ್ಚು ಮಾಡದೆ ಅರ್ಧ ಚಿತ್ರವನ್ನಷ್ಟೇ ಕೊಡಿ. ಮಡಿಕೆಯ ಅಂಚಿಗೆ ದಪ್ಪ ಕೆಂಪು ಗೆರೆ ಇರಲಿ, ಅದರ ಆಚೆ ಅಷ್ಟೇ ಅಗಲದ ಖಾಲಿ ಜಾಗವೂ ಇರಲಿ. ಚಿತ್ರವನ್ನು ಪುಟದ ಅಂಚಿಗೆ ತಳ್ಳಿದರೆ ಮಡಚಲು ಕಾಗದವೇ ಇರುವುದಿಲ್ಲ. ಚಿತ್ರ ಕನಿಷ್ಠ ಅಂಗೈಯಷ್ಟಾದರೂ ದೊಡ್ಡದಿರಲಿ, ಎರಡು ಸೆಂಟಿಮೀಟರಿನ ತಿರುವುಗಳು ಮಕ್ಕಳ ಕತ್ತರಿಗೆ ಸಿಗುವುದಿಲ್ಲ. ಪಕ್ಕದಲ್ಲಿ 'ಬಿಚ್ಚಿದಾಗ ಹೀಗೆ ಕಾಣುತ್ತದೆ ಎಂದು ನನ್ನ ಊಹೆ' ಎಂಬ ಒಂದು ಖಾಲಿ ಚೌಕ ಇಡಿ. ಪೂರ್ತಿ ಚಿತ್ರವನ್ನು ಅದೇ ಪುಟದ ಮೂಲೆಯಲ್ಲಿ ತಲೆಕೆಳಗಾಗಿ ಅಚ್ಚು ಮಾಡುವ ವಾಡಿಕೆ ಬಿಟ್ಟು, ಮುಂದಿನ ವಾರಕ್ಕೆ ಹಿಡಿದಿಟ್ಟುಕೊಳ್ಳಿ.

ಇತಿ ತಮ್ಮ ವಿಶ್ವಾಸಿಗಳು,
ಪ್ರಾಥಮಿಕ ಶಾಲೆಯ ಇಬ್ಬರು ಗಣಿತ ಶಿಕ್ಷಕಿಯರು